ಕೋಟೆ ಮೈದಾನದ ಕಛೇರಿ, ನಿಮ್ಮ ಮನೆಯ ಪಡಸಾಲೆಯಲ್ಲಿ



ಯುಗಾದಿಯ ಬೇವುಬೆಲ್ಲ ಮುಗಿದು, ರಾಮನವಮಿಯ ಪಾನಕ ಕೋಸಂಬರಿಗೆ ಮನೆಮನೆಯಲ್ಲೂ ಹೆಸರುಬೇಳೆ ನೆನೆಯುವ ಹೊತ್ತಿಗೆ ಬೆಂಗಳೂರಿನಲ್ಲಿ ಬಿಸಿಲು ಚೆನ್ನಾಗಿಯೇ ಏರಿರುತ್ತದೆ. ಟಿಪ್ಪು ಅರಮನೆಗೂ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನಕ್ಕೂ ಹತ್ತಿರವಿರುವ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಚಪ್ಪರ ಏಳುವುದು ಅದೇ ಹೊತ್ತಿಗೆ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾಯರು ಆರಂಭಿಸಿದ ಶ್ರೀರಾಮಸೇವಾ ಮಂಡಳಿಯ ಈ ಉತ್ಸವದ ವೇದಿಕೆಯಲ್ಲಿ ಚೆಂಬೈ ಅವರಿಂದ ಹಿಡಿದು ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಷಿ ಅವರವರೆಗೆ ಎಷ್ಟೋ ಮಹನೀಯರು ಹಾಡಿದ್ದಾರೆ. ಸಂಜೆಗಳ ಮೇಲೆ ಸಂಜೆಗಳು, ತಿಂಗಳಿಗೂ ಮೀರಿ ಕಛೇರಿಗಳು ನಡೆಯುತ್ತವೆ. ನಮ್ಮ ನಾಡಿನ ಬೇಸಿಗೆಯ ಸಂಗೀತೋತ್ಸವ ಎಂದರೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಈ ಚಪ್ಪರವೇ.

ಚಪ್ಪರದೊಳಗೆ ಕುಳಿತವರ ಮಾತು ಇಲ್ಲಿ ಬೇಡ. ಹೋಗಲಾಗದೆ ಮನೆಯಲ್ಲಿ ಪರದೆಯ ಮುಂದೆ ಕುಳಿತವರ ಮಾತನ್ನಾಡೋಣ. ಹಿಂದೆ ಆಕಾಶವಾಣಿ ಈ ಕಛೇರಿಗಳನ್ನು ಪ್ರಸಾರ ಮಾಡಿದ್ದುಂಟು. ಈಚಿನ ವರ್ಷಗಳಲ್ಲಿ ಅಂತರ್ಜಾಲದ ಮೂಲಕವೂ ಅವು ಮನೆಗೆ ಬರತೊಡಗಿವೆ. ಮಂಡಿನೋವಿನವರು, ಮಗುವನ್ನು ಬಿಟ್ಟು ಏಳಲಾರದ ತಾಯಂದಿರು, ದೂರದೂರಿನಲ್ಲೋ ಪರದೇಶದಲ್ಲೋ ಇರುವವರು ಎಲ್ಲರಿಗೂ ಇದು ದೊಡ್ಡ ಅನುಕೂಲ.

ನಮ್ಮ ಬೀದಿಯಲ್ಲಿ ಹಿರಿಯರೊಬ್ಬರಿದ್ದಾರೆ. ಅವರ ಯೌವನದಲ್ಲಿ ಟಿಕೆಟ್ಟಿಗೆ ಕಾಸಿರಲಿಲ್ಲ. ಮೈದಾನದ ಹೊರಗೆ ರಸ್ತೆಯ ಬದಿ ಸೈಕಲ್ಲಿಗೆ ಒರಗಿ ನಿಂತು, ಧ್ವನಿವರ್ಧಕದಲ್ಲಿ ಬಂದಷ್ಟನ್ನು ಕೇಳಿ ಮನೆಗೆ ಬರುತ್ತಿದ್ದರು. ಅಂಥವರು ಆಗ ನೂರಾರು ಮಂದಿ. ಈಗ ಅವರಿಗೆ ಎಂಬತ್ತು ದಾಟಿದೆ. ಮಗ ದೊಡ್ಡ ಪರದೆ ತಂದಿಟ್ಟಿದ್ದಾನೆ. ಹೋದ ಬೇಸಿಗೆಯಲ್ಲಿ ಅವರು ನನ್ನೊಡನೆ ಹೇಳಿದ್ದು ಹೀಗೆ: “ಆಗ ಕಣ್ಣಿಗೆ ಏನೂ ಕಾಣ್ತಿರಲಿಲ್ಲ ಕಣಯ್ಯಾ, ಆದ್ರೂ ಕಛೇರಿ ಚೆನ್ನಾಗಿ ಗೊತ್ತಾಗ್ತಿತ್ತು. ಈಗ ವಿದ್ವಾಂಸರ ಹಣೆಯ ಬೆವರನ್ನೂ ತೋರಿಸ್ತಾರೆ. ಆದ್ರೂ ಏನೋ ತಪ್ಪಿಹೋಗುತ್ತೆ.”

ತಪ್ಪಿಹೋಗುತ್ತಿರುವುದು ಏನು? ವಯಸ್ಸಾಯಿತು, ಕಿವಿ ಮಂದವಾಯಿತು ಎಂದು ಸಮಾಧಾನ ಹೇಳಿ ಬರಬಹುದಿತ್ತು. ಆದರೆ ಅವರ ಕಿವಿ ನನ್ನ ಕಿವಿಗಿಂತ ಚೆನ್ನಾಗಿಯೇ ಇದೆ. ಕಛೇರಿಯೊಂದು ವೇದಿಕೆಯಿಂದ ನಮ್ಮ ಪಡಸಾಲೆಗೆ ಹೇಗೆ ಬರುತ್ತದೆ ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಅವರ ದೂರಿಗೆ ಕಾರಣ ಸಿಗುತ್ತದೆ, ಅದಕ್ಕಿಂತ ಮುಖ್ಯವಾಗಿ ತಪ್ಪಿದ್ದರಲ್ಲಿ ಎಷ್ಟೋ ಪಾಲನ್ನು ನಾವೇ ಮರಳಿ ಪಡೆಯಬಹುದು.

ಮೊದಲು ಶಬ್ದವನ್ನೇ ನೋಡೋಣ. ವೇದಿಕೆಯ ಮೇಲಿನ ಮೈಕುಗಳಲ್ಲಿ ಬಂದ ಧ್ವನಿ ಎರಡು ದಾರಿ ಹಿಡಿಯಬೇಕು. ಒಂದು ಚಪ್ಪರದ ಧ್ವನಿವರ್ಧಕಗಳಿಗೆ, ಇನ್ನೊಂದು ಪ್ರಸಾರಕ್ಕೆ. ಇವೆರಡಕ್ಕೂ ಬೇಕಾದ ಹದ ಬೇರೆ ಬೇರೆ. ಮೃದಂಗ ತಾನಾಗಿಯೇ ಗಟ್ಟಿಯಾದ ವಾದ್ಯ. ಮುಂದಿನ ಸಾಲುಗಳಿಗೆ ಮೈಕಿನ ಹಂಗಿಲ್ಲದೆ ಕೇಳುತ್ತದೆ. ಆದ್ದರಿಂದ ಚಪ್ಪರದ ಧ್ವನಿ ಹೊಂದಿಸುವವರು ಮೃದಂಗದ ಮೈಕನ್ನು ತಗ್ಗಿಸಿ, ಗಾಯಕರದ್ದನ್ನು ಏರಿಸಿರುತ್ತಾರೆ. ಅಲ್ಲಿ ಕುಳಿತವರಿಗೆ ಅದು ಸರಿಯಾಗಿಯೇ ಇರುತ್ತದೆ. ಆದರೆ ಪ್ರಸಾರದವರು ಪ್ರತ್ಯೇಕವಾಗಿ ಹದ ಮಾಡಿಕೊಳ್ಳದೆ ಅದೇ ಮಿಶ್ರಣವನ್ನು ಎತ್ತಿ ಕಳುಹಿಸಿದರೆ ಏನಾಗುತ್ತದೆ ನೋಡಿ. ನಿಮ್ಮ ಮನೆಯಲ್ಲಿ ಗಾಯಕರ ಉಸಿರೂ ಕೇಳುತ್ತದೆ, ಮೃದಂಗ ಮಾತ್ರ ಪಕ್ಕದ ಬೀದಿಯಲ್ಲಿ ನುಡಿದಂತಿರುತ್ತದೆ. ಒಳ್ಳೆಯ ಪ್ರಸಾರದಲ್ಲಿ ಪ್ರತಿ ಮೈಕಿನ ತಂತಿಯನ್ನೂ ವೇದಿಕೆಯಲ್ಲೇ ಎರಡಾಗಿ ಕವಲೊಡೆಸಿ, ಹೊರಾಂಗಣ ಪ್ರಸಾರದ ವ್ಯಾನಿನಲ್ಲಿ ಇನ್ನೊಬ್ಬ ತಂತ್ರಜ್ಞರು ಮನೆಯ ಕೇಳುಗರಿಗಾಗಿಯೇ ಧ್ವನಿಯನ್ನು ಹೊಂದಿಸುತ್ತಾರೆ. ಸಭಿಕರತ್ತ ಮುಖ ಮಾಡಿದ ಒಂದೆರಡು ಮೈಕುಗಳನ್ನೂ ಇಟ್ಟಿರುತ್ತಾರೆ. ಅವಿಲ್ಲದಿದ್ದರೆ ಚಪ್ಪಾಳೆ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತದೆ. “ಭೇಷ್” ಎಂಬ ಉದ್ಗಾರವಂತೂ ಕೇಳಿಸುವುದೇ ಇಲ್ಲ.

ನಮ್ಮ ಹಿರಿಯರಿಗೆ ರಸ್ತೆಯಲ್ಲಿ ಕೇಳುತ್ತಿದ್ದುದು ಒರಟಾದ ಶಬ್ದವೇ ಇರಬಹುದು. ಆದರೆ ಅದರಲ್ಲಿ ಹಾಡು, ಪಿಟೀಲು, ಮೃದಂಗ, ಜನರ ಗುಜುಗುಜು, ಮಾರುಕಟ್ಟೆ ಕಡೆಯ ಬಸ್ಸಿನ ಸದ್ದು ಎಲ್ಲವೂ ಒಟ್ಟಾಗಿ ಬರುತ್ತಿದ್ದವು. ಅವರು ಒಂದು ಜಾಗದಲ್ಲಿ ನಿಂತಿದ್ದರು, ಕಛೇರಿ ಇನ್ನೊಂದು ಜಾಗದಲ್ಲಿತ್ತು. ಪರದೆಯ ಮುಂದೆ ಆ ದೂರ ಇಲ್ಲವಾಗುತ್ತದೆ.

ಮೈಕಿನ ವಿಷಯ ಬಂದಾಗ ಮೈಸೂರು ಟಿ. ಚೌಡಯ್ಯನವರನ್ನು ನೆನೆಯದೆ ಮುಂದೆ ಹೋಗುವುದು ಹೇಗೆ? ಧ್ವನಿವರ್ಧಕಗಳಿಲ್ಲದ ಕಾಲದಲ್ಲಿ ಗಂಭೀರ ಕಂಠದ ಗಾಯಕರ ಪಕ್ಕದಲ್ಲಿ ಪಿಟೀಲಿನ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ಅದಕ್ಕಾಗಿ ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿ ಏಳು ತಂತಿಯದನ್ನಾಗಿ ಮಾಡಿಕೊಂಡರು. ಕೇಳುಗನಿಗೆ ಮುಟ್ಟಬೇಕೆಂಬ ಹಟ ಯಂತ್ರಗಳಿಗಿಂತ ಹಳೆಯದು.

ದೂರದ ಕೇಳುಗನ ಹಟಕ್ಕೂ ನಮ್ಮಲ್ಲೊಂದು ದೊಡ್ಡ ಉದಾಹರಣೆಯುಂಟು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನ ನಡೆಯಿತು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್. ಅದರ ಖರ್ಚಿಗೆ 4,800 ಡಾಲರುಗಳ ಭರವಸೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಅವರ ಬಯಕೆ ಇಷ್ಟೇ: ಪ್ರದರ್ಶನವನ್ನು ಮುದ್ರಿಸಿ ಮೈಸೂರಿನ ತಮ್ಮ ಸಂಗ್ರಹಕ್ಕೆ ಕಳುಹಿಸಬೇಕು. ಮಹಾರಾಜರಿಗೂ ಅಂದು ಕಾಯದೆ ವಿಧಿಯಿರಲಿಲ್ಲ. ಇಂದು ನೀವು ಗುಂಡಿ ಒತ್ತಿದರೆ ಸಾಕು.

ಹಾಗೆ ಒತ್ತಿದ ಮೇಲೆ ಬರುವುದು “ನೇರ” ಪ್ರಸಾರವೇ? ಪೂರ್ತಿ ಅಲ್ಲ. ಭೂಮಿಯಿಂದ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹಕ್ಕೆ ಹೋಗಿ ಮರಳಲು ಸಂಕೇತಕ್ಕೆ ಕಾಲು ಸೆಕೆಂಡು ಬೇಕು. ಚಿತ್ರವನ್ನು ಅಂಕಿಗಳಾಗಿ ಅಡಕ ಮಾಡಿ ಮತ್ತೆ ಬಿಡಿಸಲು ಇನ್ನೂ ಕೆಲವು ಸೆಕೆಂಡು. ಅಂತರ್ಜಾಲದಲ್ಲಾದರೆ ನಡುನಡುವೆ ನಿಂತುಹೋಗದಿರಲೆಂದು ಸ್ವಲ್ಪ ಭಾಗವನ್ನು ಮೊದಲೇ ತುಂಬಿಟ್ಟುಕೊಳ್ಳುವುದರಿಂದ, ಅರ್ಧ ನಿಮಿಷದವರೆಗೂ ತಡವಾಗುವುದುಂಟು. ಚಪ್ಪರದಲ್ಲಿರುವ ನಿಮ್ಮ ಭಾವಮೈದ ದೂರವಾಣಿ ಮಾಡಿ “ಎಂಥಾ ಮುಕ್ತಾಯ!” ಎಂದಾಗ ನಿಮ್ಮ ಪರದೆಯ ಮೇಲೆ ಆ ಮುಕ್ತಾಯ ಇನ್ನೂ ಬಂದೇ ಇರುವುದಿಲ್ಲ. ಹಾಗೆಂದು ಬೇಸರ ಬೇಡ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಮಾತ್ರ ಹೋಗುತ್ತದೆ. ವೇದಿಕೆಯಿಂದ 50 ಮೀಟರು ಹಿಂದೆ ಕುಳಿತವರಿಗೆ ಗಾಯಕರ ಕೈ ತೊಡೆಗೆ ಬಿದ್ದದ್ದು ಮೊದಲು ಕಂಡು, ಆ ಪೆಟ್ಟಿನ ಸ್ವರ ಸೆಕೆಂಡಿನ ಏಳನೆಯ ಒಂದು ಪಾಲಿನಷ್ಟು ತಡವಾಗಿ ತಲುಪಬಹುದು. ನಿಮ್ಮ ಮನೆಯಲ್ಲಿ ಕೈಯೂ ಸ್ವರವೂ ಒಟ್ಟಿಗೇ ಬರುತ್ತವೆ. ಇದೊಂದರಲ್ಲಿ ನಿಮ್ಮ ಕುರ್ಚಿ ಹಿಂದಿನ ಸಾಲಿನ ಕುರ್ಚಿಗಿಂತ ಉತ್ತಮ.

ಇನ್ನು ಚಿತ್ರದ ಮಾತು. ಸಾಮಾನ್ಯವಾಗಿ ಇಂಥ ಕಛೇರಿಗೆ ಮೂರು ಕ್ಯಾಮೆರಾಗಳಿರುತ್ತವೆ. ಒಂದು ನಡುವೆ, ಇಡೀ ವೇದಿಕೆ ತೋರಿಸಲು. ಇನ್ನೆರಡು ಎಡಬಲಗಳಲ್ಲಿ, ಹತ್ತಿರದ ನೋಟಕ್ಕೆ. ವ್ಯಾನಿನೊಳಗೆ ನಿರ್ಮಾಪಕರು ಮೂರೂ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಯಾವುದು ನಿಮ್ಮ ಮನೆಗೆ ಹೋಗಬೇಕೆಂದು ಆ ಕ್ಷಣಕ್ಕೆ ತೀರ್ಮಾನಿಸುತ್ತಾರೆ. ತಪ್ಪಾದರೆ ಮರಳಿ ತೆಗೆಯುವ ಮಾತಿಲ್ಲ. ಹಾಡುಗಾರರಿಗೂ ಇಲ್ಲ, ಇವರಿಗೂ ಇಲ್ಲ. ಕ್ರಿಕೆಟ್ ಆಟದಲ್ಲಾದರೆ ಚೆಂಡು ಎಲ್ಲಿದೆಯೋ ಕ್ಯಾಮೆರಾ ಅಲ್ಲಿ. ಕಛೇರಿಯಲ್ಲಿ ಚೆಂಡು ಯಾರ ಬಳಿ ಇದೆ ಎಂದು ಹೇಳಲು ಸಂಗೀತ ಗೊತ್ತಿರಬೇಕು. ಗೊತ್ತಿಲ್ಲದ ಕಡೆ ನಡೆಯುವುದು ಇದು: ಪಿಟೀಲಿನವರು ಸೊಗಸಾದ ಉತ್ತರ ಕೊಟ್ಟು ಕಮಾನು ಕೆಳಗಿಟ್ಟ ಮೇಲೆ ಕ್ಯಾಮೆರಾ ಅವರತ್ತ ಓಡುತ್ತದೆ. ನೆರವಲು ಕಾವೇರಿದ ಹೊತ್ತಿಗೆ ಸೀರೆಯ ಅಂಚನ್ನೋ, ವಜ್ರದ ಮೂಗುಬೊಟ್ಟನ್ನೋ ತೋರಿಸುತ್ತಾರೆ. ಒಮ್ಮೆಯಂತೂ ನಾನು ನೋಡುತ್ತಿದ್ದ ಪ್ರಸಾರದಲ್ಲಿ ಪಲ್ಲವಿ ರಾಗಮಾಲಿಕೆಗೆ ತಿರುಗುವ ಹೊತ್ತಿಗೆ ಸರಿಯಾಗಿ ಸಮಯ ಮುಗಿಯಿತೆಂದು ಘೋಷಿಸಿ ಸೋಪಿನ ಜಾಹೀರಾತು ಹಾಕಿದರು. ಆ ಪಲ್ಲವಿ ಎಲ್ಲಿಗೆ ಹೋಗಿ ನಿಂತಿತೋ ಇಂದಿಗೂ ನನಗೆ ತಿಳಿಯದು.

ಕ್ಯಾಮೆರಾ ತೋರಿಸದಿದ್ದರೂ ನೀವು ಹುಡುಕಬೇಕಾದದ್ದು ಕೈ. ಗಾಯಕರ ಬಲಗೈ ಇಡೀ ಕಛೇರಿಯ ಗಡಿಯಾರ. ಆದಿತಾಳದ ಎಂಟು ಅಕ್ಷರಗಳನ್ನು ನೀವೂ ಹಾಕಿ ನೋಡಿ. ಒಂದು ಪೆಟ್ಟು, ಕಿರುಬೆರಳಿನಿಂದ ಮೊದಲ್ಗೊಂಡು ಮೂರು ಎಣಿಕೆ, ಆಮೇಲೆ ಪೆಟ್ಟು ಮತ್ತು ಹುಸಿ, ಮತ್ತೆ ಪೆಟ್ಟು ಮತ್ತು ಹುಸಿ. ಅಷ್ಟೇ. ಇದನ್ನು ಹಿಡಿದುಕೊಂಡಿರಾದರೆ ಪರದೆಯ ಮೇಲೆ ಯಾರ ಮುಖವಿದ್ದರೂ ನೀವು ಕಛೇರಿಯೊಳಗೇ ಇರುತ್ತೀರಿ. ಹಾಡಿನ ಸಾಲು ಎಲ್ಲ ಸಲವೂ ಮೊದಲ ಪೆಟ್ಟಿಗೇ ಎತ್ತಿಕೊಳ್ಳುವುದಿಲ್ಲ, ಕೆಲವು ಅರ್ಧ ಅಕ್ಷರ ಬಿಟ್ಟು, ಕೆಲವು ಒಂದೂವರೆ ಬಿಟ್ಟು ಎತ್ತಿಕೊಳ್ಳುತ್ತವೆ. ಸ್ವರ ಹಾಡುತ್ತಾ ಹೋದವರು ಆ ಜಾಗಕ್ಕೇ ಬಂದು ಬೀಳಬೇಕು. ಅಲ್ಲಿಗೆ ಬರುತ್ತಾರೋ ಇಲ್ಲವೋ ಎಂಬ ಕುತೂಹಲ ನಿಮ್ಮ ಕೈಯಲ್ಲೂ ತಾಳ ನಡೆಯುತ್ತಿದ್ದರೆ ಮಾತ್ರ ಹುಟ್ಟುತ್ತದೆ. ನಮ್ಮ ಹಿರಿಯರು ರಸ್ತೆಯಲ್ಲಿ ಸೈಕಲ್ಲಿನ ಸೀಟಿನ ಮೇಲೆ ತಾಳ ಹಾಕುತ್ತಿದ್ದರಂತೆ. ಕಣ್ಣಿಗೆ ಏನೂ ಕಾಣದೆಯೂ ಎಲ್ಲ ಗೊತ್ತಾಗುತ್ತಿದ್ದುದರ ಗುಟ್ಟು ಅದೇ. ಪರದೆ ಬಂದ ಮೇಲೆ ಅವರ ಕೈ ಸುಮ್ಮನಾಗಿದೆ; ನೋಡುವುದರಲ್ಲೇ ಮನಸ್ಸು ಮುಗಿದುಹೋಗುತ್ತದೆ.

ಸಭಿಕರನ್ನು ತೋರಿಸಿದಾಗಲೂ ಮುಖ ನೋಡಬೇಡಿ, ತೊಡೆಯ ಮೇಲಿನ ಕೈಗಳನ್ನು ನೋಡಿ. ತಾಳ ತಪ್ಪಿದ್ದರೆ ಅಲ್ಲಿಂದ ಸರಿಪಡಿಸಿಕೊಳ್ಳಬಹುದು. ಮುಂದಿನ ಸಾಲಿನಲ್ಲಿ ಒಬ್ಬರಾದರೂ ಸರಿಯಾಗಿ ಹಾಕುವವರಿರುತ್ತಾರೆ, ಒಬ್ಬರಾದರೂ ತಪ್ಪು ಹಾಕುವವರೂ ಇರುತ್ತಾರೆ. ಯಾರು ಯಾರೆಂದು ಎರಡು ಆವರ್ತದಲ್ಲಿ ತಿಳಿದುಬಿಡುತ್ತದೆ.

ಇನ್ನೊಂದು ಕೈಸನ್ನೆಯ ಬಗ್ಗೆ ಎಚ್ಚರವಿರಲಿ. ಹಾಡಿನ ನಡುವೆ ಗಾಯಕರು ಕಣ್ಣರಳಿಸಿ, ಬೆರಳನ್ನು ಮೇಲಕ್ಕೆ ಎತ್ತೆತ್ತಿ ತೋರಿಸಿದರೆ ಅದು ತಾರಸ್ಥಾಯಿಯ ಭಾವವೆಂದು ಪುಳಕಗೊಳ್ಳಬೇಡಿ. ತಮ್ಮ ಎದುರಿನ ಚಿಕ್ಕ ಧ್ವನಿಪೆಟ್ಟಿಗೆಯಲ್ಲಿ ತಂಬೂರಿಯ ಶ್ರುತಿ ಕೇಳುತ್ತಿಲ್ಲ, ಏರಿಸಪ್ಪಾ ಎಂದು ಮೈಕಿನವರನ್ನು ಬೇಡಿಕೊಳ್ಳುತ್ತಿರುತ್ತಾರೆ.

ಕಲ್ಪನಾಸ್ವರದಲ್ಲಿ ಗಾಯಕರು ಹಾಡಿದಷ್ಟನ್ನು ಪಿಟೀಲಿನವರು ನುಡಿಸುತ್ತಾರೆ. ಮೊದಲು ಎರಡೆರಡು ಆವರ್ತ, ಆಮೇಲೆ ಒಂದು, ಅರ್ಧ, ಕಾಲು ಹೀಗೆ ಕಿರಿದಾಗುತ್ತಾ ಬರುತ್ತದೆ. ಜಾಣ ನಿರ್ಮಾಪಕರು ಈ ಹಂತದಲ್ಲಿ ಕ್ಯಾಮೆರಾ ಬದಲಿಸುವುದನ್ನು ಬಿಟ್ಟು ಇಬ್ಬರನ್ನೂ ಒಂದೇ ಚೌಕಟ್ಟಿನಲ್ಲಿ ನಿಲ್ಲಿಸುತ್ತಾರೆ. ಆಗ ನಿಮಗೆ ಸಿಗುವುದು ಚಪ್ಪರದಲ್ಲಿ ಕುಳಿತವರಿಗೂ ಸಿಗದ ಭಾಗ್ಯ: ಸರದಿಗಾಗಿ ಕಾಯುತ್ತಿರುವವರ ಮುಖ. ಪಿಟೀಲಿನವರು ಕಮಾನನ್ನು ತಂತಿಯ ಮೇಲೆ ಅಲುಗದಂತೆ ಇಟ್ಟುಕೊಂಡು, ಎದುರಿನವರ ತುಟಿಯನ್ನೇ ನೋಡುತ್ತಾ, ಬರಲಿರುವ ಲೆಕ್ಕವನ್ನು ಊಹಿಸುತ್ತಿರುತ್ತಾರೆ. ಮೃದಂಗದವರ ಕಣ್ಣು ಗಾಯಕರ ಕೈಯ ಮೇಲೆ. ಯಾರೂ ಯಾರಿಗೂ ಮೊದಲೇ ಹೇಳಿಕೊಟ್ಟಿರುವುದಿಲ್ಲ. ಎಷ್ಟೋ ಸಲ ಆ ಸಂಜೆಯೇ ಭೇಟಿಯಾದವರು.

ತನಿ ಆವರ್ತನ ಆರಂಭವಾದೊಡನೆ ಕಾಫಿಗೆ ಏಳುವ ಚಾಳಿ ಚಪ್ಪರದಲ್ಲೂ ಇದೆ, ಮನೆಯಲ್ಲೂ ಇದೆ. ದಯವಿಟ್ಟು ಏಳಬೇಡಿ. ಮೃದಂಗ, ಘಟ, ಖಂಜಿರಗಳು ಸರದಿಯಂತೆ ನುಡಿದು, ಸರದಿಯನ್ನು ಕಿರಿದುಗೊಳಿಸುತ್ತಾ ಬಂದು, ಕೊನೆಗೆ ಒಂದಾಗಿ, ಒಂದೇ ಲೆಕ್ಕವನ್ನು ಮೂರು ಸಲ ನುಡಿಸಿ ಹಾಡಿನ ಎತ್ತುಗಡೆಗೆ ಬಂದು ಸೇರುತ್ತವೆ. ಇಡೀ ಕಛೇರಿಯಲ್ಲಿ ಕ್ಯಾಮೆರಾ ಚೆನ್ನಾಗಿ ತೋರಿಸಬಲ್ಲ ಭಾಗ ಯಾವುದಾದರೂ ಇದ್ದರೆ ಇದೇ. ಖಂಜಿರದ ಪುಟ್ಟ ಚರ್ಮದ ಮೇಲೆ ಎಡಗೈ ಬೆರಳುಗಳ ಒತ್ತು ದನಿಯನ್ನು ಹೇಗೆ ಬಗ್ಗಿಸುತ್ತದೆಂಬುದು ಹತ್ತನೆಯ ಸಾಲಿನವರಿಗೆ ಎಲ್ಲಿ ಕಾಣಬೇಕು?

ಬೇಸಿಗೆಯ ಉತ್ಸವಕ್ಕೆ ಇನ್ನೊಂದು ವಿಶೇಷವಿದೆ, ಹವೆ. ಹಾಡಿನ ನಡುವೆ ಮೃದಂಗದವರು ಪುಟ್ಟ ಕಲ್ಲಿನಿಂದ ವಾದ್ಯದ ಅಂಚನ್ನು ಟಕಟಕ ಕುಟ್ಟುವುದನ್ನು ನೋಡಿರುತ್ತೀರಿ. ಬಲಗಡೆಯ ಚರ್ಮ ಶ್ರುತಿಗೆ ನಿಲ್ಲಬೇಕು. ಒಣ ಬಿಸಿಲಿಗೂ ದೀಪಗಳ ಕಾವಿಗೂ ಚರ್ಮ ಬಿಗಿದು ಶ್ರುತಿ ಏರುತ್ತದೆ, ತೇವ ಬಂದರೆ ಸಡಿಲಗೊಂಡು ಇಳಿಯುತ್ತದೆ. ಅಂಚಿನ ಹೆಣಿಗೆಯನ್ನು ಮೇಲಿನಿಂದ ಕುಟ್ಟಿದರೆ ಬಿಗಿ, ಕೆಳಗಿನಿಂದ ಕುಟ್ಟಿದರೆ ಸಡಿಲ. ಎಡಗಡೆಗೆ ಮೆತ್ತಿದ ರವೆಯ ಹಿಟ್ಟು ಕೂಡ ಕಾವಿಗೆ ಒಣಗುತ್ತದೆ. ಅದಕ್ಕೇ ನಡುವೆ ನೀರು ತಟ್ಟುವುದು. ಪಿಟೀಲಿನ ತಂತಿಯ ಗುಣ ಇದಕ್ಕೆ ತಿರುಗುಮುರುಗು, ಕಾವಿಗೆ ಹಿಗ್ಗಿ ಶ್ರುತಿ ಇಳಿಯುತ್ತದೆ. ಘಟವಂತೂ ಸುಟ್ಟ ಮಣ್ಣು. ಅದರ ಶ್ರುತಿ ಆವಿಗೆಯಲ್ಲೇ ತೀರ್ಮಾನವಾಗಿರುತ್ತದೆ, ಅದಕ್ಕಾಗಿ ವಿದ್ವಾಂಸರು ಬೇರೆ ಬೇರೆ ಶ್ರುತಿಯ ಮಡಕೆಗಳನ್ನು ಇಟ್ಟುಕೊಂಡಿರುತ್ತಾರೆ. ಏಪ್ರಿಲ್ ಸಂಜೆಯಲ್ಲಿ ಬಿಸಿಲಿನ ಬೇಗೆ ಇಳಿಯುವ ಮೊದಲೇ ಗುಡುಗಿ ಮಳೆ ಬಂದರೆ ಒಂದೇ ಕಛೇರಿಯಲ್ಲಿ ಇವೆಲ್ಲವೂ ಎರಡೆರಡು ಸಲ ಬದಲಾಗುತ್ತವೆ. ಶ್ರುತಿ ಸೇರಿಸಲು ನಿಮಿಷ ಹಿಡಿದರೆ ಬೇಸರಿಸಿ ಬೇರೆ ವಾಹಿನಿಗೆ ತಿರುಗಿಸಬೇಡಿ. ಹೊರಗೆ ಮಳೆ ಬರುತ್ತಿದೆ ಎಂಬ ಸುದ್ದಿಯನ್ನು ಮೃದಂಗ ನಿಮಗೆ ತಿಳಿಸುತ್ತಿದೆ ಎಂದುಕೊಳ್ಳಿ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಟಿ.ವಿ. ಪೆಟ್ಟಿಗೆಗಳು ತೆಳ್ಳಗಾದಂತೆ ಅವುಗಳೊಳಗಿನ ಸ್ಪೀಕರುಗಳೂ ತೆಳ್ಳಗಾದವು. ಮೃದಂಗದ ಎಡಗಡೆಯ ಗುಂಕಾರ ಅವುಗಳಲ್ಲಿ ಬರುವುದೇ ಇಲ್ಲ, ಮೊಬೈಲಿನಲ್ಲಂತೂ ಕೇಳಬೇಕಿಲ್ಲ. ಮನೆಯಲ್ಲಿ ಹಳೆಯ ಮ್ಯೂಸಿಕ್ ಸಿಸ್ಟಮ್ ಮೂಲೆಗೆ ಬಿದ್ದಿದ್ದರೆ ಧೂಳು ಕೊಡವಿ ಅದಕ್ಕೆ ಜೋಡಿಸಿ. ತಂತಿಯಿಂದಲೇ ಜೋಡಿಸಿ. ಬ್ಲೂಟೂತಿನಲ್ಲಿ ಎಷ್ಟೋ ಸಲ ಶಬ್ದ ಚಿತ್ರಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತದೆ. ವಾರ್ತೆ ಕೇಳುವವರಿಗೆ ಅದು ಗೊತ್ತಾಗದಿರಬಹುದು, ಆದರೆ ತಾಳದ ಕೈ ಒಂದು ಕಡೆ, ಪೆಟ್ಟು ಇನ್ನೊಂದು ಕಡೆ ಆದರೆ ಕಛೇರಿ ಕೆಟ್ಟಿತು. ಆರಂಭಕ್ಕೆ ಐದು ನಿಮಿಷ ಮೊದಲೇ ಕುಳಿತುಕೊಳ್ಳಿ. ಶ್ರುತಿ ಸೇರಿಸುವುದನ್ನು ಕೇಳಿದ ಕಿವಿಗೆ ವರ್ಣ ಬೇರೆಯಾಗಿಯೇ ಕೇಳುತ್ತದೆ. ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರು ಬಳಕೆಗೆ ತಂದ ಕ್ರಮವೇ ಇಂದಿಗೂ ಹೆಚ್ಚಿನ ಕಛೇರಿಗಳಲ್ಲಿ ನಡೆಯುತ್ತದೆ: ಮೊದಲಿಗೆ ವರ್ಣ, ಚಿಕ್ಕ ಕೃತಿಗಳು, ನಡುವೆ ದೊಡ್ಡ ರಾಗ ಮತ್ತು ಕೃತಿ, ತನಿ, ಕೊನೆಗೆ ದೇವರನಾಮಗಳಂಥ ಲಘು ರಚನೆಗಳು. ಅಡಿಗೆಮನೆ ಕೆಲಸವಿದ್ದವರು ಈ ಲೆಕ್ಕ ನೋಡಿ ಕುಕ್ಕರು ಇಟ್ಟುಕೊಳ್ಳಬಹುದು.

ಎಷ್ಟು ಮಾಡಿದರೂ ಒಂದು ಕೊರತೆ ಉಳಿಯುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಗಾಯಕರು ಹಾಡುವುದು ಎದುರಿಗೆ ಕುಳಿತವರ ಮುಖ ನೋಡಿ. ತಲೆಗಳು ತೂಗಿದರೆ ರಾಗ ಇನ್ನೂ ಹತ್ತು ನಿಮಿಷ ಬೆಳೆಯುತ್ತದೆ. ಕುರ್ಚಿಗಳು ಖಾಲಿಯಾದರೆ ಮೊಟಕಾಗುತ್ತದೆ. ಇಂಥ ರಾಗ ಹಾಡಿ ಎಂದು ಚೀಟಿ ಬರೆದು ವೇದಿಕೆಗೆ ಕಳುಹಿಸುವ ಸ್ವಾತಂತ್ರ್ಯ ಚಪ್ಪರದವರಿಗುಂಟು, ನಿಮಗಿಲ್ಲ. ಪ್ರಸಾರಕ್ಕೆಂದು ಹಾಕಿದ ದೀಪಗಳ ಝಳಕ್ಕೆ ಸಭಿಕರ ಮುಖವೇ ಗಾಯಕರಿಗೆ ಕಾಣದಂತಾಗುವುದೂ ಉಂಟು. ನಿಮಗಾಗಿ ಅವರು ಕೊಡುವ ಬೆಲೆ ಅದು. ಆದ್ದರಿಂದ, ಕಾಲು ಗಟ್ಟಿಯಿದ್ದವರು, ಹತ್ತಿರದಲ್ಲಿರುವವರು ಒಂದೆರಡು ಸಂಜೆಯಾದರೂ ಚಪ್ಪರಕ್ಕೇ ಹೋಗಿ ಕುಳಿತುಕೊಳ್ಳಿ. ನೀವು ಅಲ್ಲಿ ತಲೆದೂಗಿದರೆ, ಮನೆಯಲ್ಲಿ ಮಂಡಿನೋವಿನಿಂದ ಕುಳಿತಿರುವ ಹಿರಿಯರಿಗೂ ಹತ್ತು ನಿಮಿಷ ಹೆಚ್ಚು ರಾಗ ಸಿಗುತ್ತದೆ.

ಈ ವರ್ಷ ನಮ್ಮ ಬೀದಿಯ ಹಿರಿಯರ ಮನೆಯಲ್ಲಿ ಹಳೆಯ ಸ್ಪೀಕರುಗಳನ್ನು ತಂತಿ ಎಳೆದು ಜೋಡಿಸಿ ಕೊಟ್ಟೆವು. ಪರದೆಯ ಬೆಳಕನ್ನು ಸ್ವಲ್ಪ ತಗ್ಗಿಸಿ ಎಂದರು, ತಗ್ಗಿಸಿದೆವು. ನೆರವಲಿಗೆ ಬರುವ ಹೊತ್ತಿಗೆ ಅವರು ಕಣ್ಣು ಮುಚ್ಚಿದ್ದರು. ಕುರ್ಚಿಯ ತೋಳಿನ ಮೇಲೆ ಕೈ ನಡೆಯುತ್ತಿತ್ತು. ಮಂಗಳ ಮುಗಿದು ಪರದೆಯ ಮೇಲೆ ಹೆಸರುಗಳು ಬರತೊಡಗಿದಾಗ ಕನ್ನಡಕ ಹಾಕಿಕೊಂಡು ಓದಿದರು. ಎರಡೂವರೆ ಗಂಟೆ ಹಿಂದೆ ಕುಳಿತು ತಂಬೂರಿ ಮೀಟಿದ ಹುಡುಗಿಯ ಹೆಸರು ಅದರಲ್ಲಿರಲಿಲ್ಲ. “ಅದನ್ನೂ ಬರೀರಯ್ಯಾ” ಎಂದರು. ಬರೆದಿದ್ದೇನೆ.